ಅಗ್ರಿಮೆಂಟ್ ಹಿಡಿದುಕೊಂಡು ಮೆಂಟರ್ ಹತ್ತಿರ ಹೋಗಬೇಡಿ

ಕಲಾವಿದರನ್ನೂ ಅವರಿಗೆ ದಾರಿ ಹೇಳಬಲ್ಲವರನ್ನೂ ಒಂದೆಡೆ ಕೂರಿಸುವುದು ನನ್ನ ವೃತ್ತಿ. ಚಿತ್ರ ಬರೆಯುವವರು, ಕುಣಿಯುವವರು, ಹಾಡು ಕಟ್ಟುವವರು, ಕಥೆ ಬರೆಯುವವರು ಎಲ್ಲರೂ ಬರುತ್ತಾರೆ. ‘ನಿಮಗೇನು ಬೇಕು?’ ಎಂದು ಕೇಳಿದರೆ ಬಹುಪಾಲು ಜನರ ಉತ್ತರ ಒಂದೇ: ‘ಒಬ್ಬರು ಒಳ್ಳೆಯ ಮೆಂಟರ್ ಸಿಕ್ಕಿಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಆಗುತ್ತೆ ಮೇಡಂ.’

ಉಳಿದದ್ದು ಎಂದರೆ ಯಾವುದು ಎಂದು ಕೆದಕಿದಾಗ ಒಂದೊಂದಾಗಿ ಹೊರಬರುತ್ತದೆ. ಅಗ್ರಿಮೆಂಟ್ ಓದಿ ಹೇಳಬೇಕು. ದರ ಎಷ್ಟು ಹಾಕಬೇಕೆಂದು ತಿಳಿಸಬೇಕು. ಗ್ಯಾಲರಿಯವರ ಹತ್ತಿರ ಒಂದು ಮಾತು ಆಡಬೇಕು. ತೆರಿಗೆಯ ಗೋಜಲು ಬಿಡಿಸಬೇಕು. ಮನಸ್ಸು ಕುಸಿದಾಗ ಧೈರ್ಯ ತುಂಬಬೇಕು. ಇಷ್ಟಕ್ಕೂ ಒಬ್ಬರೇ ಸಾಕು, ಅವರು ದೊಡ್ಡ ಹೆಸರಿನವರಾಗಿರಲಿ, ಮತ್ತೆ ದುಡ್ಡು ಕೇಳದಿರಲಿ! ಕಲಾವಿದರೆಂದರೆ ನನಗೆ ಪ್ರೀತಿಯೇ. ಆದರೂ ಈ ಬೇಡಿಕೆ ಕೇಳಿದಾಗ ತಾಳ್ಮೆ ಕಾಯ್ದುಕೊಳ್ಳಲು ಸ್ವಲ್ಪ ನೀರು ಕುಡಿಯಬೇಕಾಗುತ್ತದೆ.

ಹಾಗಾಗಿ ಇವತ್ತು ಒಂದೇ ಸಂಗತಿಯನ್ನು ಬಿಡಿಸಿ ಹೇಳುತ್ತೇನೆ. ಹೇಳಿದ್ದನ್ನೇ ಹೇಳಿದಂತಾದರೂ ಸರಿ.

ನಿಮ್ಮ ಗಳಿಕೆಯಲ್ಲಿ ಪಾಲಿಲ್ಲದವರು ಮೆಂಟರ್. ಪಾಲು ಇರುವವರು ಏಜೆಂಟ್, ಮ್ಯಾನೇಜರ್, ಗ್ಯಾಲರಿ. ಪಾಲಿಲ್ಲದೆ, ಮಾಡಿಕೊಟ್ಟ ಕೆಲಸಕ್ಕೆ ಮಾತ್ರ ಫೀ ತೆಗೆದುಕೊಳ್ಳುವವರು ವಕೀಲರು, ಲೆಕ್ಕಪತ್ರ ನೋಡುವವರು. ಒಬ್ಬರೇ ಬೇರೆ ಬೇರೆ ಹೊತ್ತಿನಲ್ಲಿ ಮೆಂಟರೂ ಪಾಲುದಾರರೂ ಆಗಿರಬಹುದು. ಆದರೆ ಒಂದೇ ಪ್ರಶ್ನೆಗೆ ಉತ್ತರ ಕೊಡುವಾಗ ಎರಡೂ ಆಗಿರಲಾರರು. ‘ಈ ಕೆಲಸ ಒಪ್ಪಿಕೊಳ್ಳಲೇ?’ ಎಂದು ನೀವು ಕೇಳಿದಿರಿ ಅಂದುಕೊಳ್ಳಿ. ನೀವು ಒಪ್ಪಿಕೊಂಡರೆ ತನಗೂ ಹಣ ಬರುವ ಮನುಷ್ಯ ಒಂದು ರೀತಿ ಯೋಚಿಸುತ್ತಾರೆ, ಏನೂ ಬಾರದವರು ಇನ್ನೊಂದು ರೀತಿ. ಮೊದಲಿನವರು ಕೆಟ್ಟವರೆಂದಲ್ಲ, ಅವರಿಗೂ ಬಾಡಿಗೆ ಕಟ್ಟುವುದಿದೆ. ಆದರೆ ‘ಈ ವರ್ಷ ಯಾವ ಪ್ರದರ್ಶನವೂ ಬೇಡ, ಸುಮ್ಮನೆ ಕೂತು ಹೊಸದನ್ನು ಮಾಡು’ ಎಂಬ ಮಾತು ಅವರ ಬಾಯಿಂದ ಸುಲಭಕ್ಕೆ ಬರುವುದಿಲ್ಲ.

ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿಯ ವ್ಯವಹಾರವೆಲ್ಲ ಟಾಮ್ ಪಾರ್ಕರ್ ಎಂಬ ಒಬ್ಬ ಮ್ಯಾನೇಜರ್ ಕೈಯಲ್ಲಿತ್ತು. ಮೊದಲು ಶೇ 25 ಇದ್ದ ಪಾರ್ಕರ್ ಪಾಲು, ಆಮೇಲೆ ಕೆಲವು ಆದಾಯಗಳಲ್ಲಿ ಅರ್ಧಕ್ಕೇರಿತು. 1973ರಲ್ಲಿ, ಅಲ್ಲಿಯವರೆಗಿನ ಧ್ವನಿಮುದ್ರಣಗಳಿಂದ ಮುಂದೆ ಬರಬೇಕಿದ್ದ ರಾಯಧನವನ್ನೆಲ್ಲ ಸುಮಾರು 54 ಲಕ್ಷ ಡಾಲರಿಗೆ ಇಡಿಗಂಟಾಗಿ ರೆಕಾರ್ಡ್ ಕಂಪನಿಗೇ ಬಿಟ್ಟುಕೊಟ್ಟರು. ಅದರಲ್ಲೂ ಪಾರ್ಕರ್‌ಗೆ ಅರ್ಧ ಹೋಯಿತು. ಎಲ್ವಿಸ್ 1977ರಲ್ಲಿ ತೀರಿಕೊಂಡ ಮೇಲೆ, ಮಗಳ ಹಿತ ಕಾಯಲು ನ್ಯಾಯಾಲಯ ನೇಮಿಸಿದ ವಕೀಲರು ಲೆಕ್ಕ ತೆಗೆದರು. ಆ ಉದ್ಯಮದ ರೂಢಿಗೆ ಹೋಲಿಸಿದರೆ ಈ ಪಾಲು ವಿಪರೀತ ಎಂದು ವರದಿ ಕೊಟ್ಟರು. ಇಡಿಗಂಟು ಲೇಸೋ, ವರ್ಷವರ್ಷ ಬರುವುದು ಲೇಸೋ ಎಂದು ಎಲ್ವಿಸ್ ಯಾರನ್ನು ಕೇಳಬೇಕಿತ್ತು? ಸುತ್ತ ಜನ ಬೇಕಾದಷ್ಟಿದ್ದರು, ಬಹುಪಾಲು ಸಂಬಳದವರು.

ಇದನ್ನು ಹೇಳಿದಾಗ ಕೆಲವರು, ‘ಅದಕ್ಕೇ ಮೇಡಂ, ನಮಗೆ ನಿಸ್ವಾರ್ಥದ ಮೆಂಟರ್ ಬೇಕು’ ಎನ್ನುತ್ತಾರೆ. ಅಲ್ಲೇ ಎರಡನೇ ಸಲ ಎಡವುವುದು. ಸ್ವಾರ್ಥ ಇಲ್ಲ ಎಂದ ಮಾತ್ರಕ್ಕೆ ಎಲ್ಲವೂ ಗೊತ್ತು ಎಂದಾಯಿತೇ?

ಪುಸ್ತಕಗಳಿಗೆ ಚಿತ್ರ ಬರೆಯುವ ಹುಡುಗಿಯೊಬ್ಬಳು ನನ್ನಲ್ಲಿಗೆ ಬಂದಾಗ ಆಗಲೇ ಸಹಿ ಹಾಕಿಯಾಗಿತ್ತು. ಅವಳ ಮಾರ್ಗದರ್ಶಕರು ಹಿರಿಯ ವರ್ಣಚಿತ್ರಕಾರರು, ನಿಜಕ್ಕೂ ದೊಡ್ಡ ಮನಸ್ಸಿನವರು. ಅವಳ ಗೆರೆಯಲ್ಲಿ ಎಲ್ಲಿ ಅಳುಕಿದೆ ಎಂದು ಅವರು ತೋರಿಸಿದ್ದನ್ನು ಅವಳು ಇವತ್ತಿಗೂ ನೆನೆಯುತ್ತಾಳೆ. ಆದರೆ ‘ಎಲ್ಲ ಹಕ್ಕುಗಳು, ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂದಿದ್ದ ಅಗ್ರಿಮೆಂಟನ್ನು ಅವರ ಮುಂದಿಟ್ಟಾಗ, ‘ಒಳ್ಳೆಯ ಅವಕಾಶ, ಬಿಡಬೇಡ’ ಎಂದರು. ಅವರು ಜೀವಮಾನವಿಡೀ ಕ್ಯಾನ್ವಾಸ್ ಮಾರಿದವರು. ಚಿತ್ರವನ್ನು ತನ್ನಲ್ಲೇ ಇಟ್ಟುಕೊಂಡು ಅದನ್ನು ಬಳಸುವ ಅನುಮತಿಯನ್ನಷ್ಟೇ ಮಾರಬಹುದು, ಅದನ್ನೂ ಇಷ್ಟು ಕಾಲಕ್ಕೆ, ಇಂಥ ಉಪಯೋಗಕ್ಕೆ ಎಂದು ಕಟ್ಟು ಹಾಕಿ ಮಾರಬಹುದು ಎಂಬುದು ಅವರ ಅನುಭವದಲ್ಲೇ ಇರಲಿಲ್ಲ. ಅವಳ ಚಿತ್ರಗಳು ಈಗ ಚೀಲಗಳ ಮೇಲೆ, ಆಟಿಕೆಗಳ ಮೇಲೆ ಅಚ್ಚಾಗುತ್ತಿವೆ, ಅವಳಿಗೆ ಏನೂ ಬರುವುದಿಲ್ಲ. ಹಲ್ಲುನೋವು ಎಂದು ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಡಾಕ್ಟರನ್ನು ಬೈಯುವುದು ನ್ಯಾಯವಲ್ಲ.

(ಹಕ್ಕುಗಳ ಬಗ್ಗೆ ಒಂದೆರಡು ಮಾತು. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಅಂದರೆ ಈಗ ಪ್ರಪಂಚದ ಬಹುಭಾಗದಲ್ಲಿ, ಕೃತಿ ಹುಟ್ಟಿದ ಕೂಡಲೇ ಕೃತಿಸ್ವಾಮ್ಯ ಹುಟ್ಟುತ್ತದೆ, ನೋಂದಣಿ ಮಾಡಿಸದಿದ್ದರೂ. ಚಿತ್ರ ಕೊಂಡವರಿಗೆ ಚಿತ್ರ ಸೇರುತ್ತದೆ, ಅದನ್ನು ಅಚ್ಚು ಹಾಕುವ ಹಕ್ಕು ಸಾಮಾನ್ಯವಾಗಿ ಸೇರುವುದಿಲ್ಲ. ವಿವರಗಳು ದೇಶದಿಂದ ದೇಶಕ್ಕೆ ಬೇರೆ. ಸಂಬಳಕ್ಕಿದ್ದು ಮಾಡಿದ ಕೆಲಸ, ಹೇಳಿ ಮಾಡಿಸಿದ ಕೆಲಸ, ಇವುಗಳ ನಿಯಮವೂ ಬೇರೆ. ಆದ್ದರಿಂದ ಇದನ್ನು ಕಾನೂನು ಸಲಹೆ ಎಂದುಕೊಳ್ಳಬೇಡಿ, ಸಹಿಗೆ ಮೊದಲು ನಿಮ್ಮ ಕ್ಷೇತ್ರ ಬಲ್ಲ ವಕೀಲರಿಗೆ ತೋರಿಸಿ.)

ಒಬ್ಬರ ಹತ್ತಿರವೇ ಎಲ್ಲ ಸಿಗದು ಎಂಬುದು ಹೊಸದೇನಲ್ಲ. ಪಾಶ್ಚಾತ್ಯ ಸಂಗೀತದ ಸಂಯೋಜಕ ಬೀಥೋವನ್ 1792ರಲ್ಲಿ ವಿಯೆನ್ನಾಕ್ಕೆ ಬಂದದ್ದು ಹಿರಿಯ ಸಂಯೋಜಕ ಹೈಡನ್ ಬಳಿ ಕಲಿಯಲು. ಅಂದಿನ ಸಂಗೀತ ಲೋಕದಲ್ಲಿ ಹೈಡನ್‌ಗಿಂತ ದೊಡ್ಡ ಹೆಸರು ಇರಲಿಲ್ಲ. ಪುರಸೊತ್ತೂ ಇರಲಿಲ್ಲ! ಶಿಷ್ಯನ ಅಭ್ಯಾಸದ ಹಾಳೆಗಳಲ್ಲಿ ಎಷ್ಟೋ ತಪ್ಪುಗಳು ತಿದ್ದದೆ ಉಳಿದವು. ಯೋಹಾನ್ ಶೆಂಕ್ ಎಂಬ ಸಂಯೋಜಕರು ಬರೆದಿಟ್ಟಂತೆ, ಹೈಡನ್‌ಗೆ ಗೊತ್ತಾಗದ ಹಾಗೆ ಬೀಥೋವನ್ ಅವನ್ನು ತಮ್ಮ ಬಳಿ ತಿದ್ದಿಸಿಕೊಳ್ಳುತ್ತಿದ್ದನಂತೆ. 1794ರಲ್ಲಿ ಹೈಡನ್ ಲಂಡನ್ನಿಗೆ ಹೊರಟ ಮೇಲೆ ಕೌಂಟರ್‌ಪಾಯಿಂಟ್ (ಹಲವು ಸ್ವರಸಾಲುಗಳನ್ನು ಒಟ್ಟಿಗೆ ಹೆಣೆಯುವ ವಿದ್ಯೆ) ಕಲಿಯಲು ಆಲ್‌ಬ್ರೆಖ್ಟ್ಸ್‌ಬರ್ಗರ್ ಬಳಿ ಹೋದ, ಇಟಾಲಿಯನ್ ಪದ್ಯಕ್ಕೆ ಸಂಗೀತ ಕೂಡಿಸುವುದನ್ನು ಸಾಲಿಯೇರಿಯಿಂದ ಕಲಿತ. ಒಂದೊಂದು ಪ್ರಶ್ನೆಗೆ ಒಬ್ಬೊಬ್ಬರು.

ಹಣದ ವಿಷಯದಲ್ಲಿ ಮಾತ್ರ ಅವನಿಗೆ ಬೇಕಿದ್ದದ್ದು ಇವರಾರೂ ಅಲ್ಲ. 1809ರಲ್ಲಿ ಆರ್ಚ್‌ಡ್ಯೂಕ್ ರುಡಾಲ್ಫ್, ಲೋಬ್ಕೊವಿಟ್ಸ್, ಕಿನ್ಸ್ಕಿ ಈ ಮೂವರು ಶ್ರೀಮಂತರು ಸೇರಿ, ವಿಯೆನ್ನಾ ಬಿಟ್ಟು ಹೋಗದಿದ್ದರೆ ವರ್ಷಕ್ಕೆ 4,000 ಫ್ಲೋರಿನ್ ಕೊಡುವುದಾಗಿ ಬರೆದುಕೊಟ್ಟರು. ಕಲಾವಿದನಿಗೆ ಇನ್ನೇನು ಬೇಕು? 1811ರಲ್ಲಿ ಸರ್ಕಾರ ಕಾಗದದ ಹಣದ ಬೆಲೆಯನ್ನು ಐದನೇ ಒಂದಕ್ಕೆ ಇಳಿಸಿತು. ಹಣದ ಬೆಲೆ ಬಿದ್ದರೆ ಏನು ಎಂಬುದಕ್ಕೆ ಪತ್ರದಲ್ಲಿ ಉತ್ತರವಿರಲಿಲ್ಲ. ಹೊಸ ನೋಟಿನಲ್ಲೇ ಪೂರ್ತಿ ಕೊಡುತ್ತೇನೆ ಎಂದು ಕಿನ್ಸ್ಕಿ ಬಾಯಿಮಾತಿನಲ್ಲಿ ಒಪ್ಪಿದರು. ಅದು ಕಾಗದಕ್ಕೆ ಇಳಿಯುವ ಮೊದಲೇ, 1812ರಲ್ಲಿ, ಕುದುರೆಯಿಂದ ಬಿದ್ದು ತೀರಿಕೊಂಡರು. ಲೋಬ್ಕೊವಿಟ್ಸ್ ಸಾಲದಲ್ಲಿ ಮುಳುಗಿ ಕೊಡುವುದನ್ನು ನಿಲ್ಲಿಸಿದರು. ಕಿನ್ಸ್ಕಿಯ ವಿಧವೆಗೆ ಮನವಿ, ಕೋರ್ಟು, ಕಾಗದಪತ್ರ ಎಂದು ಎಳೆದಾಡಿ 1815ರಲ್ಲಿ ಒಂದು ಇತ್ಯರ್ಥಕ್ಕೆ ಬಂತು. ಈ ಕಥೆಯನ್ನು ನಾನು ಬಹಳ ಜನರಿಗೆ ಹೇಳುತ್ತೇನೆ. ಯಾಕೆಂದರೆ ‘ಅವರು ಒಳ್ಳೆಯವರು, ಬರೆಸಿಕೊಳ್ಳುವುದು ಚೆನ್ನಾಗಿರಲ್ಲ’ ಎಂದು ನನ್ನ ಮುಂದೆ ಕೂತು ಹೇಳುವವರು ಬಹಳ ಜನ. ಕಿನ್ಸ್ಕಿಯೂ ಒಳ್ಳೆಯವರೇ, ಕುದುರೆಗೆ ಅದು ಗೊತ್ತಿರಲಿಲ್ಲ.

ಇನ್ನು ದೊಡ್ಡ ಹೆಸರಿನ ಹುಚ್ಚು. ನೃತ್ಯತಂಡ ಕಟ್ಟಿಕೊಂಡಿದ್ದ ಹೆಣ್ಣುಮಗಳೊಬ್ಬಳು, ತನ್ನ ಕಲೆಯಲ್ಲಿ ಶಿಖರದಲ್ಲಿದ್ದ ಒಬ್ಬರ ಹೆಸರು ಹೇಳಿ, ಅವರೇ ಬೇಕು ಎಂದು ಪಟ್ಟು ಹಿಡಿದಳು. ಅವಳ ತೊಂದರೆ ಏನೆಂದು ಕೇಳಿದೆ. ಆಯೋಜಕರು ಪ್ರದರ್ಶನ ಮುಗಿದು ತಿಂಗಳುಗಟ್ಟಲೆ ಹಣ ಕೊಡುವುದಿಲ್ಲ, ಅಷ್ಟರಲ್ಲಿ ತಂಡದವರು ಬಿಟ್ಟುಹೋಗುತ್ತಾರೆ. ಅವಳು ಹೆಸರಿಸಿದ ಕಲಾವಿದರಿಗೆ ಮುಂಗಡವಿಲ್ಲದೆ ಯಾರೂ ಫೋನ್ ಕೂಡ ಮಾಡುವುದಿಲ್ಲ, ಆ ಕಷ್ಟ ಅವರಿಗೆ ಮರೆತೇ ಹೋಗಿರುತ್ತದೆ. ಅವಳಿಗಿಂತ ನಾಲ್ಕೈದು ವರ್ಷ ಮುಂದಿದ್ದ, ಹೆಚ್ಚು ಹೆಸರಿಲ್ಲದ ಇನ್ನೊಬ್ಬ ತಂಡದವರ ಜೊತೆ ಕೂರಿಸಿದೆ. ಮುಖ ಸ್ವಲ್ಪ ಸಣ್ಣದಾಯಿತು, ನಿಜ. ಆದರೆ ಅವರು ಆಯೋಜಕರಿಗೆ ತಾವು ಕಳಿಸುವ ಪತ್ರವನ್ನೇ ತೋರಿಸಿದರು: ದಿನಾಂಕ ಖಚಿತವಾಗಲು ಅರ್ಧ ಹಣ, ಉಳಿದದ್ದು ವೇದಿಕೆ ಏರುವ ಮೊದಲು, ರದ್ದಾದರೆ ಎಷ್ಟು ವಾಪಸ್ ಎಂದೆಲ್ಲ ಬರೆದಿದ್ದ ಒಂದೇ ಪುಟದ ಪತ್ರ. ಅವಳಿಗೆ ಬೇಕಿದ್ದದ್ದು ಆ ಪುಟ.

ಫ್ರಾನ್ಸಿನಲ್ಲಿ ಚಿತ್ರ ಬರೆಯುತ್ತಿದ್ದ ಪಿಸ್ಸಾರೊ ಮತ್ತು ಸೆಜಾನ್ ಅವರನ್ನೇ ನೋಡಿ: ಪಿಸ್ಸಾರೊ ಸೆಜಾನ್‌ಗಿಂತ ಬರೀ ಒಂಬತ್ತು ವರ್ಷ ದೊಡ್ಡವರು. 1870ರ ದಶಕದಲ್ಲಿ ಪ್ಯಾರಿಸ್ ಹತ್ತಿರದ ಪಾಂಟ್ವಾಸ್ ಸುತ್ತಮುತ್ತ ಇಬ್ಬರೂ ಜೊತೆಜೊತೆಯಾಗಿ ಬಯಲಿನಲ್ಲಿ ಕೂತು ಚಿತ್ರ ಬರೆದರು, ಸೆಜಾನ್ ಅವರ ಬಣ್ಣ ಬದಲಾದದ್ದು ಅಲ್ಲಿ. ಆದರೆ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಸಿದ್ದು 1895ರಲ್ಲಿ ವೋಲಾರ್ ಎಂಬ ಚಿತ್ರವ್ಯಾಪಾರಿ. ಆಗ ಸೆಜಾನ್‌ಗೆ 56. ನಡುವಿನ ವರ್ಷಗಳಲ್ಲಿ ಮನೆ ನಡೆದದ್ದು ಬ್ಯಾಂಕ್ ಇಟ್ಟಿದ್ದ ಅಪ್ಪನ ದುಡ್ಡಿನಲ್ಲಿ. ಈ ಕೊನೆಯ ಸಂಗತಿಯನ್ನು ಕಲಾವಿದರ ಚರಿತ್ರೆ ಹೇಳುವವರು ಯಾಕೋ ಮೆಲುದನಿಯಲ್ಲಿ ಹೇಳುತ್ತಾರೆ.

ಹಾಗಾದರೆ ಮೆಂಟರ್ ಬಳಿ ಏನನ್ನು ಒಯ್ಯಬೇಕು? ಅವರು ತಾವೇ ದಾಟಿ ಬಂದಿರಬಹುದಾದ ಒಂದು ಪ್ರಶ್ನೆ. ‘ನನ್ನ ವೃತ್ತಿಜೀವನ ಹೇಗೆ ಕಟ್ಟಲಿ?’ ಎಂಬುದು ಪ್ರಶ್ನೆಯಲ್ಲ. ‘ಎರಡು ಶೈಲಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ಒಂದು ಮಾರಾಟವಾಗುತ್ತದೆ, ಇನ್ನೊಂದು ನನಗೆ ಇಷ್ಟ. ನೀವು ಈ ಘಟ್ಟದಲ್ಲಿ ಏನು ಮಾಡಿದಿರಿ?’ ಎಂಬುದು ಪ್ರಶ್ನೆ. ಮೊದಲನೆಯದಕ್ಕೆ ಭಾಷಣ ಸಿಗುತ್ತದೆ, ಎರಡನೆಯದಕ್ಕೆ ಉತ್ತರ. ಪ್ರಶ್ನೆಯನ್ನು ಬರೆದು ನೋಡುವಾಗಲೇ ಎಷ್ಟೋ ಜನರಿಗೆ ತಮಗೆ ಬೇಕಿರುವುದು ಮೆಂಟರ್ ಅಲ್ಲ ಎಂದು ಗೊತ್ತಾಗಿಬಿಡುತ್ತದೆ. ಶಿಲ್ಪಿಯೊಬ್ಬರು ‘ನನ್ನ ಕಲೆಗೆ ದಿಕ್ಕು ತಪ್ಪಿದೆ’ ಎಂದು ಬಂದರು. ಮಾತಾಡುತ್ತ ಹೋದಂತೆ ಕೈಚೀಲದಿಂದ ರಸೀದಿಗಳ ಕಂತೆ ಹೊರಬಂತು. ಕಲ್ಲು, ಸಾಗಣೆ, ಉಳಿಗಳ ಖರ್ಚು ಕಳೆದರೆ ಪ್ರತಿ ಮೂರ್ತಿಯನ್ನೂ ನಷ್ಟಕ್ಕೇ ಮಾರುತ್ತಿದ್ದಾರೆ. ತಮ್ಮ ದುಡಿಮೆಯ ಗಂಟೆಗಳನ್ನಂತೂ ಲೆಕ್ಕಕ್ಕೇ ಹಿಡಿದಿಲ್ಲ. ಲೆಕ್ಕ ನೋಡುವವರೊಬ್ಬರ ಜೊತೆ ಒಂದು ಮಧ್ಯಾಹ್ನ ಕೂರಿಸಿದೆ. ದಿಕ್ಕು ಸರಿಯಾಗಿಯೇ ಇತ್ತು.

ಏಜೆಂಟರ ಜೊತೆ ಕೂರುವಾಗ ಶೇಕಡಾವಾರಿನ ಮೇಲೇ ಎಲ್ಲರ ಕಣ್ಣು. ಪುಸ್ತಕದ ಏಜೆಂಟರು ಸಾಮಾನ್ಯವಾಗಿ ಶೇ 15ರ ಆಸುಪಾಸು ತೆಗೆದುಕೊಳ್ಳುತ್ತಾರೆ, ಗ್ಯಾಲರಿಗಳು ಮಾರಿದ ಬೆಲೆಯ ಅರ್ಧದವರೆಗೂ. ಕ್ಷೇತ್ರಕ್ಕೊಂದು ರೂಢಿ, ಹಾಗಾಗಿ ಅಂಕಿ ನೋಡಿದ ತಕ್ಷಣ ಮೋಸ ಎನ್ನಬೇಡಿ. ಕೇಳಬೇಕಾದದ್ದು ಬೇರೆ. ಪಾಲು ಒಟ್ಟು ಹಣದ ಮೇಲೋ, ಖರ್ಚು ಕಳೆದ ಮೇಲೋ? ನೀವೇ ಹುಡುಕಿಕೊಂಡ ಕೆಲಸಕ್ಕೂ ಪಾಲು ಇದೆಯೇ? ಅಗ್ರಿಮೆಂಟ್ ಮುಗಿದ ಮೇಲೂ ಎಷ್ಟು ಕಾಲ ಕೊಡಬೇಕು? ಕೊನೆಯ ಪ್ರಶ್ನೆ ಕೇಳಿದವರನ್ನು ನಾನು ನೋಡಿರುವುದು ಅಪರೂಪ. ಮುಂದೆ ಬಿಟ್ಟುಬಂದವರು ಹೆಚ್ಚಾಗಿ ಗೋಳಾಡುವುದು ಅದರ ಬಗ್ಗೆಯೇ.

ಕೆಲವೊಮ್ಮೆ ಮೆಂಟರ್ ಆಗಿದ್ದವರೇ ‘ನಿನ್ನ ವ್ಯವಹಾರ ನಾನು ನೋಡಿಕೊಳ್ಳುತ್ತೇನೆ, ಇಷ್ಟು ಕೊಡು’ ಎನ್ನುತ್ತಾರೆ. ಅದು ತಪ್ಪೇನಲ್ಲ, ಚೆನ್ನಾಗಿ ನಡೆದ ಉದಾಹರಣೆಗಳೂ ಇವೆ. ಆದರೆ ಆ ದಿನದಿಂದ ಅವರು ಪಾಲುದಾರರು. ಅವರ ಅಗ್ರಿಮೆಂಟನ್ನು ಬೇರೆಯವರಿಂದ ಓದಿಸಿ, ಅವರಿಗೆ ಬೇಸರವಾದರೂ ಓದಿಸಿ. ‘ಸಹಿ ಹಾಕಲೇ, ಬೇಡವೇ’ ಎಂದು ಕೇಳಲು ಪಾಲಿಲ್ಲದ ಇನ್ನೊಬ್ಬರನ್ನು ಹುಡುಕಿಕೊಳ್ಳಿ.

ಮೆಂಟರುಗಳ ಕಡೆಯಿಂದಲೂ ಒಂದು ದೂರಿದೆ. ಒಂದು ಗಂಟೆ ಕೂತು ಸಲಹೆ ಕೊಟ್ಟರೆ, ಆಮೇಲೆ ಏನಾಯಿತು ಎಂದು ಹೇಳುವವರೇ ಇಲ್ಲವಂತೆ. ಸಲಹೆ ಕೈಗೂಡಿದರೂ ಸರಿ, ಕೈಕೊಟ್ಟರೂ ಸರಿ, ಎರಡು ಸಾಲು ಬರೆದು ತಿಳಿಸಿ. ನಾನು ಜೋಡಿಸುವಾಗ ಆರು ತಿಂಗಳು, ತಿಂಗಳಿಗೊಂದು ಭೇಟಿ ಎಂದು ಮೊದಲೇ ಗೊತ್ತು ಮಾಡಿಬಿಡುತ್ತೇನೆ. ಮುಗಿಯುವ ದಿನ ಗೊತ್ತಿದ್ದರೆ ಹಿರಿಯರು ಧಾರಾಳವಾಗಿ ಕೊಡುತ್ತಾರೆ, ಕಿರಿಯರು ಪ್ರಶ್ನೆ ಬರೆದುಕೊಂಡು ಬರುತ್ತಾರೆ. ಮುಗಿದ ಮೇಲೂ ಮಾತು ಮುಂದುವರಿದರೆ ಅದು ಅವರಿಬ್ಬರಿಗೆ ಬಿಟ್ಟದ್ದು, ನನ್ನ ಕಡತದಲ್ಲಿ ಅದಕ್ಕೆ ಜಾಗವಿಲ್ಲ.