ಬೀದಿ ಜಗಳದಿಂದ ಸ್ಯಾನ್ ಕ್ವೆಂಟಿನ್‌ವರೆಗೆ: ಟೂಕಿ ವಿಲಿಯಮ್ಸ್ ಪ್ರಕರಣದ ಹಿನ್ನೆಲೆ

ಅಮೆರಿಕದಲ್ಲಿ ಮರಣದಂಡನೆಯ ಚರ್ಚೆ ಎದ್ದಾಗಲೆಲ್ಲ ಸ್ಟ್ಯಾನ್ಲಿ ‘ಟೂಕಿ’ ವಿಲಿಯಮ್ಸ್ ಹೆಸರು ಬಂದೇ ಬರುತ್ತದೆ. ಕೆಲವರಿಗೆ ಆತ ನಾಲ್ವರನ್ನು ಕೊಂದ ಗ್ಯಾಂಗ್ ನಾಯಕ. ಇನ್ನು ಕೆಲವರಿಗೆ ಜೈಲಿನಲ್ಲಿ ಕೂತು ಮಕ್ಕಳಿಗಾಗಿ ಪುಸ್ತಕ ಬರೆದವನು, ನೊಬೆಲ್ ಶಾಂತಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡವನು. ಈ ಎಳೆದಾಟದಲ್ಲಿ ಆತನ ಬಾಲ್ಯದ ಕಡೆ ನೋಡಿದವರು ಕಡಿಮೆ.

ಆ ಬಾಲ್ಯ ಕಳೆದದ್ದು ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್‌ನಲ್ಲಿ. ದಕ್ಷಿಣದ ರಾಜ್ಯಗಳ ಕಪ್ಪು ಜನ ಕೆಲಸ ಹುಡುಕಿಕೊಂಡು ಆ ನಗರಕ್ಕೆ ಬಂದರು, ಬೇರೆಡೆ ಮನೆ ಸಿಗದೆ ಕೆಲವೇ ಬಡಾವಣೆಗಳಲ್ಲಿ ಕಿಕ್ಕಿರಿದರು. ಅಂಥದ್ದೇ ಒಂದು ಬಡಾವಣೆಯಾದ ವಾಟ್ಸ್‌ನಲ್ಲಿ 1965ರಲ್ಲಿ ಪೊಲೀಸರ ಮೇಲಿನ ಸಿಟ್ಟು ಗಲಭೆಯಾಗಿ ಸಿಡಿದು 34 ಮಂದಿ ಸತ್ತರು. ಮುಂದೆ ಕೆಲಸ ಕೊಡುತ್ತಿದ್ದ ಕಾರ್ಖಾನೆಗಳೂ ಒಂದೊಂದಾಗಿ ಬಾಗಿಲು ಹಾಕಿದವು.

ವಿಲಿಯಮ್ಸ್ ಹುಟ್ಟಿದ್ದು 1953ರಲ್ಲಿ, ಲೂಸಿಯಾನಾದಲ್ಲಿ. ತಾಯಿಗೆ ಆಗ ಹದಿನೇಳು ವರ್ಷ. ತಂದೆ ಬಿಟ್ಟುಹೋದ. 1959ರಲ್ಲಿ ತಾಯಿ ಮಗನನ್ನು ಕರೆದುಕೊಂಡು ಬಸ್ಸು ಹತ್ತಿ ಲಾಸ್ ಏಂಜಲೀಸ್ ಸೇರಿದಳು. ಆಕೆ ದುಡಿಯಲು ಹೋದರೆ ಹುಡುಗನಿಗೆ ಬೀದಿಯೇ ಮನೆ. ಅಲ್ಲಿ ದೊಡ್ಡವರು ನಾಯಿ ಕಾಳಗ ನಡೆಸಿ ಬಾಜಿ ಕಟ್ಟುತ್ತಿದ್ದರು. ನಾಯಿ ಕಾಳಗ ಮುಗಿದ ಮೇಲೆ ಹುಡುಗರನ್ನೇ ಹೊಡೆದಾಡಲು ಬಿಟ್ಟು ಅವರ ಮೇಲೂ ಬಾಜಿ ಕಟ್ಟುತ್ತಿದ್ದರು, ಗೆದ್ದವನ ಕೈಗೆ ಒಂದಿಷ್ಟು ಚಿಲ್ಲರೆ ಹಾಕುತ್ತಿದ್ದರು ಎಂದು ಆತ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೈಯಲ್ಲಿ ಬಲವಿದ್ದ ಹುಡುಗ, ಹೆಚ್ಚಾಗಿ ಗೆಲ್ಲುತ್ತಿದ್ದ. ಹೊಡೆದರೆ ಕಾಸೂ ಸಿಗುತ್ತದೆ, ಮರ್ಯಾದೆಯೂ ಸಿಗುತ್ತದೆ ಎಂಬುದನ್ನು ಆತ ಕಲಿತದ್ದು ಹೀಗೆ. ಬಾಜಿ ಕಟ್ಟಿದ ಆ ಹಿರಿಯರ ವಿಚಾರಣೆ ಮುಂದೆ ಯಾವ ನ್ಯಾಯಾಲಯದಲ್ಲೂ ನಡೆಯಲಿಲ್ಲ.

ಶಾಲೆ ತಪ್ಪಿತು, ಬಾಲಾಪರಾಧಿಗಳ ಕೇಂದ್ರ ಸಿಕ್ಕಿತು. ಅಲ್ಲಿಂದ ಹೊರಬಂದ 1971ರಲ್ಲೇ, ಹದಿನೇಳರ ವಯಸ್ಸಿನಲ್ಲಿ, ರೇಮಂಡ್ ವಾಷಿಂಗ್ಟನ್ ಎಂಬ ಇನ್ನೊಬ್ಬ ಹುಡುಗನ ಜೊತೆ ಸೇರಿ ‘ಕ್ರಿಪ್ಸ್’ ಎಂಬ ಗ್ಯಾಂಗ್ ಕಟ್ಟಿದ. ಬೇರೆ ಗ್ಯಾಂಗುಗಳಿಂದ ತಮ್ಮ ಕೇರಿಯನ್ನು ಕಾಪಾಡಿಕೊಳ್ಳುವುದೇ ಉದ್ದೇಶವಾಗಿತ್ತು ಎಂದು ಆತ ಕೊನೆಯವರೆಗೂ ಹೇಳಿದ. ಇರಬಹುದು. ಆದರೆ ಕ್ರಿಪ್ಸ್ ಕಾಟ ತಡೆಯಲಾರದೆ ಉಳಿದ ಹುಡುಗರು ಒಂದಾಗಿ ‘ಬ್ಲಡ್ಸ್’ ಎಂಬ ಎದುರಾಳಿ ಗ್ಯಾಂಗ್ ಆದರು. ಕ್ರಿಪ್ಸ್‌ನ ನೀಲಿ ಕರವಸ್ತ್ರ, ಬ್ಲಡ್ಸ್‌ನ ಕೆಂಪು ಕರವಸ್ತ್ರ ಎಂದು ಬೀದಿಗಳು ಹಂಚಿಹೋದವು. ವಿಲಿಯಮ್ಸ್ ಮಾದಕ ವಸ್ತುವಿನ ದಾಸನಾದ. ವಾಷಿಂಗ್ಟನ್ 1979ರಲ್ಲಿ ಗುಂಡೇಟಿಗೆ ಬಲಿಯಾದ.

ಅದೇ 1979ರ ಫೆಬ್ರವರಿಯಲ್ಲಿ ಅಂಗಡಿಯೊಂದರ ಗುಮಾಸ್ತನನ್ನು, ಮಾರ್ಚ್‌ನಲ್ಲಿ ಮೋಟೆಲ್ ನಡೆಸುತ್ತಿದ್ದ ತೈವಾನ್ ಮೂಲದ ದಂಪತಿಯನ್ನೂ ಅವರ ಮಗಳನ್ನೂ ಗುಂಡಿಟ್ಟು ಕೊಲ್ಲಲಾಯಿತು. ಎರಡೂ ಕಡೆ ಸೇರಿ ದೋಚಿದ ಹಣ ಇನ್ನೂರ ಚಿಲ್ಲರೆ ಡಾಲರ್. ಈ ನಾಲ್ವರೂ ದುಡಿದು ಬದುಕುತ್ತಿದ್ದವರು, ಯಾವ ಗ್ಯಾಂಗಿಗೂ ಸೇರಿದವರಲ್ಲ. ನಂತರದ ಗದ್ದಲದಲ್ಲಿ ಇವರ ಸುದ್ದಿ ಮೂಲೆಗೆ ಸರಿದದ್ದು ನೋವಿನ ಸಂಗತಿ. ಈ ಕೊಲೆಗಳಿಗಾಗಿ 1981ರಲ್ಲಿ ವಿಲಿಯಮ್ಸ್‌ಗೆ ಮರಣದಂಡನೆ ವಿಧಿಸಲಾಯಿತು. ಕೊಂದವನು ತಾನಲ್ಲ ಎಂದು ಆತ ಕೊನೆಯವರೆಗೂ ವಾದಿಸಿದ.

ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಮೊದಮೊದಲು ಅಲ್ಲೂ ಹೊಡೆದಾಟವೇ. ಆರು ವರ್ಷಕ್ಕೂ ಹೆಚ್ಚು ಕಾಲ ಒಂಟಿ ಸೆಲ್‌ನಲ್ಲಿ ಕಳೆದು 1994ರಲ್ಲಿ ಹೊರಬಂದಾಗ ಆತ ಬೇರೆಯೇ ಮನುಷ್ಯನಾಗಿದ್ದ ಎನ್ನುತ್ತಾರೆ ಬೆಂಬಲಿಗರು. 1996ರಿಂದ ಗ್ಯಾಂಗಿಗೆ ಸೇರಬೇಡಿ ಎಂದು ಮಕ್ಕಳಿಗೆ ಹೇಳುವ ಪುಸ್ತಕಗಳು ಬಂದವು. 1997ರಲ್ಲಿ ಕ್ರಿಪ್ಸ್ ಕಟ್ಟಿದ್ದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದ. ಕೊಲೆಗಳಿಗೆ ಮಾತ್ರ ಕೇಳಲಿಲ್ಲ, ಮಾಡದ ತಪ್ಪಿಗೆ ಕ್ಷಮೆ ಹೇಗೆ ಕೇಳಲಿ ಎಂಬುದು ಆತನ ಉತ್ತರ.

ಕ್ಷಮಾದಾನದ ಅರ್ಜಿ ಬಿದ್ದುಹೋದದ್ದೂ ಇದೇ ಗಂಟಿನಲ್ಲಿ. ಕೊಲೆಗಳನ್ನು ಒಪ್ಪಿ ಪಶ್ಚಾತ್ತಾಪ ಪಡದವನು ಬದಲಾಗಿದ್ದಾನೆಂದು ನಂಬುವುದು ಹೇಗೆ ಎಂದು ಆಗಿನ ಕ್ಯಾಲಿಫೋರ್ನಿಯಾ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅರ್ಜಿ ತಿರಸ್ಕರಿಸಿದರು. 2005ರ ಡಿಸೆಂಬರ್ 13ರ ನಡುರಾತ್ರಿ ಕಳೆದ ಮೇಲೆ ವಿಷದ ಚುಚ್ಚುಮದ್ದು ಕೊಡಲಾಯಿತು. ಕೈಯಲ್ಲಿ ರಕ್ತನಾಳ ಸಿಗದೆ ಸಿಬ್ಬಂದಿ ಬಹಳ ಹೊತ್ತು ತಡಕಾಡಿದರು. ಹೊರಗೆ ಜೈಲಿನ ಬಾಗಿಲ ಬಳಿ ಜನ ಸೇರಿದ್ದರು.

ಮರುತಿಂಗಳು, 2006ರ ಜನವರಿಯಲ್ಲಿ, ಇನ್ನೊಬ್ಬ ಕೈದಿಗೆ ಶಿಕ್ಷೆ ಜಾರಿಯಾಯಿತು. ಅದೇ ವರ್ಷ ಚುಚ್ಚುಮದ್ದಿನ ವಿಧಾನ ಕೋರ್ಟಿನ ತಕರಾರಿಗೆ ಸಿಕ್ಕ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಯಾರಿಗೂ ಮರಣದಂಡನೆ ಜಾರಿಯಾಗಿಲ್ಲ. 2019ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ತಡೆ ಘೋಷಿಸಿದಾಗ 737 ಮಂದಿ ಸರದಿಯಲ್ಲಿದ್ದರು. ಶಿಕ್ಷೆಯನ್ನೇ ರದ್ದುಮಾಡುವ ಪ್ರಸ್ತಾಪವನ್ನು ಮತದಾರರು 2012ರಲ್ಲೂ 2016ರಲ್ಲೂ ತಳ್ಳಿಹಾಕಿದ್ದಾರೆ.