ಪ್ರಗತಿ ಪ್ರೆಸೆಂಟೇಷನ್: ಮಾಡಿದ್ದಕ್ಕಿಂತ ತಿಳಿದದ್ದು ಮುಖ್ಯ

ಡೇಟಾ ಸೈನ್ಸ್ ಪ್ರಾಜೆಕ್ಟಿನ ನಡುವೆ ತಂಡಗಳು ಕೊಡುವ ವರದಿ ಬಹುಪಾಲು ದಿನಚರಿಯಂತಿರುತ್ತದೆ: ಡೇಟಾ ಇಳಿಸಿಕೊಂಡೆವು, ಕ್ಲೀನ್ ಮಾಡಿದೆವು, ಮಾಡೆಲ್ (ಡೇಟಾದಿಂದ ಕಲಿತು ಊಹಿಸುವ ಪ್ರೋಗ್ರಾಂ) ಓಡಿಸಿದೆವು. ಕೇಳುವವರಿಗೆ ಬೇಕಿರುವುದು ಅದಲ್ಲ. ಕಳೆದ ಸಲ ಅಂದುಕೊಂಡದ್ದರಲ್ಲಿ ಯಾವುದು ನಿಂತಿತು, ಯಾವುದು ಬಿದ್ದುಹೋಯಿತು ಅಷ್ಟೆ.

‘ಕ್ಲೀನ್ ಮಾಡಿದೆವು’ ಎಂಬುದನ್ನೇ ನೋಡಿ. ವಯಸ್ಸು ನಮೂದಾಗದ ಸಾಲುಗಳನ್ನು ಅಳಿಸಿದಿರಾ, ಇಲ್ಲಾ ಮೀಡಿಯನ್ (ಏರಿಕೆ ಕ್ರಮದಲ್ಲಿ ನಟ್ಟನಡುವಿನ ಬೆಲೆ) ತುಂಬಿದಿರಾ? ಅಳಿಸಿದ್ದರೆ ಎಷ್ಟು ಹೋದವು? ಹೋದವೆಲ್ಲ ಒಂದೇ ಗುಂಪಿನವಾಗಿದ್ದರೆ ಮುಂದಿನ ಫಲಿತಾಂಶವೆಲ್ಲ ಒಂದು ಕಡೆಗೆ ವಾಲುತ್ತದೆ. ಇದಕ್ಕೊಂದು ಸ್ಲೈಡ್ ಬೇಕೇ ಬೇಕು.

ಇನ್ನು ಅಂಕಿಗಳು. ಅಕ್ಯುರಸಿ (ಒಟ್ಟು ಊಹೆಗಳಲ್ಲಿ ಸರಿಯಾದವುಗಳ ಪಾಲು) 96.5% ಎಂದರೆ ತರಗತಿ ತಲೆದೂಗುತ್ತದೆ. ಆದರೆ 1000 ವಹಿವಾಟುಗಳಲ್ಲಿ ವಂಚನೆ ಇರುವುದು 50 ಮಾತ್ರ ಎಂದುಕೊಳ್ಳಿ. ‘ವಂಚನೆಯೇ ಇಲ್ಲ’ ಎಂದು ಕಣ್ಣು ಮುಚ್ಚಿ ಹೇಳುವ ಮಾಡೆಲ್‌ಗೂ 95% ಸಿಗುತ್ತದೆ! ನಿಮ್ಮದು 50ರಲ್ಲಿ 35 ಹಿಡಿದು, 20 ಸಲ ಸುಮ್ಮನೆ ಅನುಮಾನಪಟ್ಟಿದ್ದರೆ ರೀಕಾಲ್ (ಇದ್ದ ವಂಚನೆಗಳಲ್ಲಿ ಹಿಡಿದ ಪಾಲು) 70%, ಪ್ರಿಸಿಷನ್ (ಅನುಮಾನಪಟ್ಟವುಗಳಲ್ಲಿ ನಿಜವಾದ ವಂಚನೆಯ ಪಾಲು) ಸುಮಾರು 64%. ಕೆಲಸ ನಡೆದಿರುವುದು ಕಾಣುವುದು ಇಲ್ಲಿ. ಅಕ್ಯುರಸಿಯಲ್ಲಿ ಏರಿದ್ದು ಬರೀ ಒಂದೂವರೆ ಅಂಶ. ಆದ್ದರಿಂದ ಬೇಸ್‌ಲೈನ್ (ಇಂಥ ಕಣ್ಣು ಮುಚ್ಚಿದ ಮಾಡೆಲ್‌ನ ಅಂಕಿ) ಪಕ್ಕದಲ್ಲಿಡದೆ ಯಾವ ಅಂಕಿಯನ್ನೂ ತೋರಿಸಬೇಡಿ. ಇದ್ದಕ್ಕಿದ್ದಂತೆ 99% ಬಂದರೆ ಸಂಭ್ರಮಿಸುವ ಮೊದಲು ಡೇಟಾ ಲೀಕೇಜ್ (ಉತ್ತರವೇ ಡೇಟಾದೊಳಗೆ ಸೋರಿರುವುದು) ಇದೆಯೇ ನೋಡಿ. ಸಾಲ ಮುಳುಗುತ್ತದೆಯೇ ಎಂದು ಊಹಿಸುವ ಮಾಡೆಲ್‌ಗೆ, ಮುಳುಗಿದ ಮೇಲೆ ವಸೂಲಾದ ಮೊತ್ತದ ಕಾಲಂ ಸಿಕ್ಕಿದ್ದರೆ ಉತ್ತರ ಮೊದಲೇ ಗೊತ್ತಾದಂತೆ.

ಸರಾಸರಿ ಹೇಳಿ ಮುಗಿಸಬೇಡಿ, ಪ್ಲಾಟ್ ತೋರಿಸಿ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ಕೊಟ್ಟ ನಾಲ್ಕು ಡೇಟಾಸೆಟ್‌ಗಳಲ್ಲಿ ಸರಾಸರಿ, ವೇರಿಯನ್ಸ್ (ಅಂಕಿಗಳ ಹರಡುವಿಕೆ), ಕೋರಿಲೇಷನ್ (ಎರಡು ಅಂಕಿಸಾಲುಗಳ ನಡುವಿನ ನಂಟು) ಎಲ್ಲ ಹೆಚ್ಚುಕಡಿಮೆ ಒಂದೇ. ಪ್ಲಾಟ್ ಮಾಡಿದರೆ ಒಂದು ಬಾಗಿದ ಗೆರೆ, ಇನ್ನೊಂದರಲ್ಲಿ ಒಂದೇ ಬಿಂದು ಇಡೀ ಗೆರೆಯನ್ನು ಎಳೆದಾಡುತ್ತಿರುತ್ತದೆ. ಅಂದಹಾಗೆ, ಬಾರ್ ಚಾರ್ಟಿನ ಅಕ್ಷ ಸೊನ್ನೆಯಿಂದಲೇ ಶುರುವಾಗಲಿ.

ಸಿಕ್ಕಿಹಾಕಿಕೊಂಡಿದ್ದರೆ ಮುಚ್ಚಿಡಬೇಕಿಲ್ಲ, ಪ್ರಗತಿ ವರದಿ ಇರುವುದೇ ಅದಕ್ಕೆ. ಆದರೆ ‘ಮಾಡೆಲ್ ಸರಿಯಾಗಿ ಬರ್ತಿಲ್ಲ’ ಎಂದರೆ ಯಾರೂ ನೆರವಾಗಲಾರರು. ‘ಟ್ರೇನಿಂಗ್‌ನಲ್ಲಿ (ಕಲಿತ ಡೇಟಾದ ಮೇಲೆ) ಅಕ್ಯುರಸಿ 98, ವ್ಯಾಲಿಡೇಷನ್‌ನಲ್ಲಿ (ಪರೀಕ್ಷಿಸಲು ಬೇರೆ ಇಟ್ಟ ಡೇಟಾದ ಮೇಲೆ) 71, ಡಿಸಿಷನ್ ಟ್ರೀ (ಕವಲೊಡೆಯುವ ಪ್ರಶ್ನೆಗಳಿಂದ ಊಹಿಸುವ ಮಾಡೆಲ್) ಆಳ ತಗ್ಗಿಸಿದರೂ ಅಂತರ ಹಾಗೇ ಇದೆ’ ಎಂದು ನೋಡಿ, ಹಿಂದಿನ ಬೆಂಚಿನಿಂದಲೂ ಸಲಹೆ ಬರುತ್ತದೆ.

ಸ್ಲೈಡ್‌ಗಳನ್ನು ಹಂಚಿಕೊಳ್ಳುವುದು ಸರಿಯೇ. ಆದರೆ ಪ್ರಶ್ನೆ ಬಂದಾಗ ‘ಅದು ಅವರ ಭಾಗ’ ಎನ್ನುವ ಉತ್ತರ ತಂಡದ ಮಾನ ಕಳೆಯುತ್ತದೆ. ಹಿಂದಿನ ದಿನ ಸ್ಲೈಡ್‌ಗಳನ್ನು ಅದಲುಬದಲು ಮಾಡಿಕೊಂಡು ಒಮ್ಮೆ ಹೇಳಿ ನೋಡಿ. ಯಾರಿಗೆ ಏನು ಅರ್ಥವಾಗಿಲ್ಲವೋ ಅಲ್ಲೇ ಗೊತ್ತಾಗುತ್ತದೆ.