ಹಳೆ ಗಾಡಿಯ ಅಡಿಗೆ ಕಪ್ಪು ಬಳಿಯುವ ಮುಂಚೆ

"ಕೆಳಗೆ ಒಂದು ಕೋಟಿಂಗ್ ಹೊಡೆದುಬಿಡಿ, ತುಕ್ಕು ನಿಂತುಹೋಗಲಿ." ಹತ್ತು ಹನ್ನೆರಡು ವರ್ಷ ಓಡಿದ ಗಾಡಿ ತಂದವರು ಹೆಚ್ಚಾಗಿ ಕೇಳುವುದು ಇದನ್ನೇ. ಹೊಸ ಗಾಡಿಯಾದರೆ ನಾನೂ ಹೂಂ ಅನ್ನುತ್ತೇನೆ. ಹಳೆಯದಾದರೆ ಮೊದಲು ಮೇಲೆತ್ತಿ, ಟಾರ್ಚ್ ಬಿಟ್ಟು ನೋಡಬೇಕು. ಹೊಸ ತಗಡನ್ನು ಕಾಪಾಡುವ ಅದೇ ದಪ್ಪ ಕಪ್ಪು ಕೋಟಿಂಗ್, ಆಗಲೇ ತುಕ್ಕು ಹತ್ತಿದ ತಗಡನ್ನು ಇನ್ನೂ ಬೇಗ ತಿಂದುಹಾಕಬಹುದು.

ಕಬ್ಬಿಣ ತುಕ್ಕು ಹಿಡಿಯಲು ನೀರು ಬೇಕು, ಆಮ್ಲಜನಕ ಬೇಕು. ಜೊತೆಗೆ ಉಪ್ಪು ಸೇರಿದರೆ ಕೆಲಸ ಜೋರಾಗುತ್ತದೆ. ಅದು ಸಮುದ್ರದ ಕಡೆಯಿಂದ ಬೀಸುವ ಗಾಳಿಯದ್ದಾಗಲಿ, ಹಿಮ ಕರಗಿಸಲು ರಸ್ತೆಗೆ ಎರಚಿದ್ದಾಗಲಿ, ಎರಡೂ ಒಂದೇ. ಅಲ್ಯೂಮಿನಿಯಂ ಮೇಲೆ ಕೂರುವ ಆಕ್ಸೈಡ್ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣ ಇಲ್ಲ. ಅದು ಸಡಿಲ, ತೇವ ಹೀರಿ ಇಟ್ಟುಕೊಳ್ಳುತ್ತದೆ. ಮೇಲಾಗಿ ಮೂಲ ಲೋಹದ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಎರಡು ತಗಡು ಕೂಡುವ ಕಡೆ ಒಂದು ಸ್ಪಾಟ್ ವೆಲ್ಡ್‌ಗೂ (ಚುಕ್ಕಿಯಂತೆ ಹಾಕಿದ ಬೆಸುಗೆ) ಇನ್ನೊಂದಕ್ಕೂ ನಡುವೆ ತಗಡು ಉಬ್ಬಿದೆ ಎಂದರೆ, ಒಳಗಿನ ತುಕ್ಕು ಅದನ್ನು ನೂಕುತ್ತಿದೆ ಎಂದೇ ಅರ್ಥ.

ಇಂಥ ಜಾಗದ ಮೇಲೆ ಬಿಟುಮೆನ್ (ಡಾಂಬರಿನಂಥದ್ದು) ಅಥವಾ ರಬ್ಬರ್ ಕೋಟಿಂಗ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ವರ್ಷ ಕಳೆದಂತೆ ಕೋಟಿಂಗ್ ಗಡುಸಾಗುತ್ತದೆ, ಕಲ್ಲೇಟಿಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಸುಲಭವಾಗಿ ಒಣಗುವುದಿಲ್ಲ. ಹಳೆ ಕೋಟಿಂಗ್ ಅಂಚಿನಲ್ಲಿ ಎದ್ದಿರುವ ಕಡೆ ಸ್ಕ್ರೇಪರ್ ತೂರಿಸಿ ಎತ್ತಿ ನೋಡಿ. ಹೊರಗಿನಿಂದ ನುಣ್ಣಗೆ ಕಾಣುತ್ತಿದ್ದ ಕಪ್ಪು ಹಾಳೆ ಅಂಗೈಯಗಲ ಹಾಗೇ ಎದ್ದು ಬರುತ್ತದೆ. ಅದರ ಬೆನ್ನಿಗೆ ತುಕ್ಕಿನ ಚಕ್ಕೆ ಅಂಟಿರುತ್ತದೆ. ಮಳೆ ನಿಂತು ಎಷ್ಟೋ ದಿನ ಆಗಿದ್ದರೂ ತಗಡಿನ ಮೇಲೆ ಕಂದು ಬಣ್ಣದ ಪಸೆ ಇರುತ್ತದೆ.

ಹಾಗಾಗಿ ಮೊದಲ ಕೆಲಸ ತಟ್ಟಿ ನೋಡುವುದು. ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಹಿಡಿಯಿಂದ ಹಗುರಾಗಿ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಒಳಗೆ ಪದರ ಪದರವಾಗಿ ಎದ್ದಿದ್ದರೆ ದನಿ ಮೊಂಡಾಗಿ, ಡಬ್ ಎಂದು ಬರುತ್ತದೆ. ಅನುಮಾನ ಬಂದ ಕಡೆ ತುದಿಯಿಂದ ಒತ್ತಿ. ತೂತು ಬಿದ್ದರೆ ಬೇಜಾರಾಗಬೇಡಿ, ಅದು ನೀವು ಮಾಡಿದ ತೂತಲ್ಲ. ಬಾಗಿಲ ಕೆಳಗಿನ ಸಿಲ್, ಜಾಕ್ ಕೊಡುವ ಜಾಗ, ಚಕ್ರದ ಮೇಲಿನ ಕಮಾನಿನ ಒಳ ಅಂಚು, ಸ್ಪ್ರಿಂಗ್ ಕೂರುವ ಬಟ್ಟಲು, ಸಸ್ಪೆನ್ಷನ್ ಬೋಲ್ಟ್ ಹಿಡಿಯುವ ಕಡೆ, ಪೆಟ್ರೋಲ್ ಟ್ಯಾಂಕ್ ಹೊತ್ತ ಪಟ್ಟಿ: ಇವನ್ನು ಬಿಡಲೇಬೇಡಿ. ಬ್ರೇಕ್ ಪೈಪ್‌ಗಳನ್ನು ಮಾತ್ರ ಕೆರೆಯಲು ಹೋಗಬೇಡಿ. ಕ್ಲಿಪ್ ಹಿಡಿದ ಜಾಗದಲ್ಲಿ ಪೈಪ್ ಉಬ್ಬಿ ಒರಟಾಗಿದ್ದರೆ ಬದಲಾಯಿಸುವುದೇ ಸರಿ. ಮನೆಯಲ್ಲೇ ನೋಡುವವರು ಬರೀ ಜಾಕ್ ನಂಬಿ ಗಾಡಿ ಕೆಳಗೆ ತೂರಬೇಡಿ. ಸಮತಟ್ಟು ನೆಲ, ಗಟ್ಟಿ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡಗಟ್ಟೆ ಮೂರೂ ಇರಲಿ.

ಭಾರ ಹೊರುವ ಜಾಗದಲ್ಲಿ ತೂತು ಕಂಡರೆ ಕೋಟಿಂಗ್ ಮಾತೇ ಬೇಡ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು. ಪುಟ್ಟಿ ತುಂಬಿ, ಫೈಬರ್ ಅಂಟಿಸಿ, ಮೇಲೆ ಕಪ್ಪು ಬಳಿದು ಕಳಿಸುವವರಿದ್ದಾರೆ. ಡಿಕ್ಕಿಯಾದಾಗ ಅದು ಯಾವ ಭಾರವನ್ನೂ ತಡೆಯುವುದಿಲ್ಲ. ವೆಲ್ಡಿಂಗ್ ಯಾವಾಗಲೂ ಕೋಟಿಂಗ್‌ಗಿಂತ ಮೊದಲು ಮುಗಿಯಬೇಕು. ಟೊಳ್ಳು ಭಾಗಗಳ ಒಳಗೆ ಮೊದಲೇ ವ್ಯಾಕ್ಸ್ (ತುಕ್ಕು ತಡೆಯಲು ಹೊಡೆಯುವ ಮೇಣ) ಇದ್ದರೆ ವೆಲ್ಡರ್‌ಗೆ ಹೇಳಿ, ಅದು ಹತ್ತಿಕೊಂಡು ಉರಿಯುತ್ತದೆ.

ಇನ್ನು ತೊಳೆಯುವುದು, ಒಣಗಿಸುವುದು. ಈ ಕೆಲಸದಲ್ಲಿ ಬಹುಪಾಲು ಸಮಯ ಇಲ್ಲೇ ಹೋಗಬೇಕು. ಎಲ್ಲರೂ ಅವಸರ ಮಾಡುವುದೂ ಇಲ್ಲೇ. ಕಮಾನಿನ ಒಳಗೆ ಗಟ್ಟಿಕಟ್ಟಿದ ಮಣ್ಣನ್ನು ನೆನೆಸಿ ತೆಗೆಯಿರಿ. ಸಿಲ್ ಕೆಳಗೆ ನೀರು ಇಳಿಯಲು ಬಿಟ್ಟ ಸಣ್ಣ ತೂತುಗಳಿಗೆ ತಂತಿ ಹಾಕಿ ಬಿಡಿಸಿ. ಎಷ್ಟೋ ಗಾಡಿಗಳ ಸಿಲ್ ಕೊಳೆಯುವುದು ಆ ತೂತು ಕಟ್ಟಿಕೊಂಡು ನೀರು ಒಳಗೇ ನಿಲ್ಲುವುದರಿಂದ. ತೊಳೆದ ಮೇಲೆ ಒಂದೆರಡು ದಿನ ಗಾಳಿಗೆ ಒಣಗಬೇಕು. ಬೆಳಿಗ್ಗೆ ತೊಳೆದು ಸಂಜೆಗೆ ಕೋಟಿಂಗ್ ಹೊಡೆದು ಕೊಡುತ್ತೇವೆ ಅನ್ನುವವರ ಹತ್ತಿರ ಹಳೆ ಗಾಡಿ ಕೊಡಬೇಡಿ.

ಎದ್ದಿರುವ ತುಕ್ಕನ್ನು, ಹಿಡಿತ ಬಿಟ್ಟ ಹಳೆ ಕೋಟಿಂಗನ್ನು ಪೂರ್ತಿ ತೆಗೆಯಬೇಕು. ಇಲ್ಲಿ ಒಂದು ಮೋಸ ಇದೆ. ಗ್ರೈಂಡರ್‌ಗೆ ಹಾಕಿದ ವೈರ್ ಬ್ರಷ್ ಕೆಲವೊಮ್ಮೆ ತುಕ್ಕನ್ನು ತೆಗೆಯದೆ ತಿಕ್ಕಿ ತಿಕ್ಕಿ ಪಾಲಿಶ್ ಮಾಡಿಬಿಡುತ್ತದೆ. ನೋಡಲು ಕಪ್ಪಗೆ ಹೊಳೆಯುತ್ತದೆ, ಲೋಹ ಬಂತು ಅನಿಸುತ್ತದೆ. ನಿಜವಾದ ಲೋಹ ಬೆಳ್ಳಗೆ ಕಾಣಬೇಕು. ಗುಳಿ ಬಿದ್ದ ಕಡೆ ಚೂರು ತುಕ್ಕು ಉಳಿದೇ ಉಳಿಯುತ್ತದೆ, ಅಲ್ಲಿಗೆ ಮಾತ್ರ ರಸ್ಟ್ ಕನ್ವರ್ಟರ್. ಅದರಲ್ಲಿ ಸಾಮಾನ್ಯವಾಗಿ ಇರುವುದು ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ. ತೆಳು ತುಕ್ಕಿನ ಜೊತೆ ಬೆರೆತು ಅದನ್ನು ಕಬ್ಬಿಣದ ಫಾಸ್ಫೇಟ್ ಅಥವಾ ಟ್ಯಾನೇಟ್ ಮಾಡುತ್ತದೆ. ದಪ್ಪ ಚಕ್ಕೆಯ ಮೇಲೆ ಸುರಿದರೆ ಮೇಲಿನ ಪದರ ಕಪ್ಪಾಗುತ್ತದೆ, ಕೆಳಗೆ ಎಲ್ಲ ಹಾಗೇ ಇರುತ್ತದೆ. ಬರಿ ಲೋಹ ಕಂಡ ಕಡೆ ಅದಕ್ಕೆ ಗಟ್ಟಿಯಾಗಿ ಅಂಟುವ ಮೊದಲ ಪದರ, ಎಪಾಕ್ಸಿ ಪ್ರೈಮರ್; ತಗಡು ಕೂಡುವ ಜಾಗಕ್ಕೆ ಸಂದಿ ಮುಚ್ಚುವ ಸೀಮ್ ಸೀಲರ್.

ಕೊನೆಯ ಪದರಕ್ಕೆ ಹಳೆ ಗಾಡಿಯಲ್ಲಿ ನನ್ನ ಮತ ಮೆತ್ತನೆಯ ಕೋಟಿಂಗ್‌ಗೆ, ಅಂದರೆ ವ್ಯಾಕ್ಸ್ ಅಥವಾ ಕುರಿ ಉಣ್ಣೆಯ ಜಿಡ್ಡಿನಿಂದ ತೆಗೆದ ಲ್ಯಾನೊಲಿನ್. ನೋಡಲು ಚೆಂದ ಇಲ್ಲ, ಕೈಗೆ ಅಂಟುತ್ತದೆ, ಧೂಳು ಕೂರುತ್ತದೆ. ಆದರೆ ಸಂದಿಗಳಿಗೆ ತಾನೇ ಹರಿದು ಇಳಿಯುತ್ತದೆ, ಸಣ್ಣ ಗೀರು ಬಿದ್ದರೆ ಮುಚ್ಚಿಕೊಳ್ಳುತ್ತದೆ, ಕೆಳಗೆ ಏನಾಗುತ್ತಿದೆ ಎಂದು ಒರೆಸಿ ನೋಡಬಹುದು. ವರ್ಷಕ್ಕೊಮ್ಮೆ ನೋಡಿ, ತೊಳೆದು ಹೋದ ಕಡೆ ಮತ್ತೆ ಹಚ್ಚಬೇಕು, ಅಷ್ಟೇ.

ಹೊರಗಿನದಕ್ಕಿಂತ ಮುಖ್ಯವಾದದ್ದು ಒಳಗಿನದು. ಸಿಲ್, ಚಾಸಿಸ್ ಕಂಬಿಗಳೆಲ್ಲ ಟೊಳ್ಳು, ಅವು ಕೊಳೆಯುವುದು ಹೆಚ್ಚಾಗಿ ಒಳಗಿನಿಂದ ಹೊರಗೆ. ಉದ್ದ ಕೊಳವೆಯ ತುದಿಯಲ್ಲಿ ಸುತ್ತಲೂ ಚಿಮ್ಮುವ ನಾಜಲ್ ಇರುತ್ತದೆ. ಅದನ್ನು ತೂರಿಸಿ, ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾ ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳಿನ ಒಳಗೆ ಹೊಡೆಯುವ ವ್ಯಾಕ್ಸ್, ಹೊಡೆಯಬೇಕು. ಆಮೇಲೆ ಸಿಲ್ ಕೆಳಗಿನ, ನೀರು ಇಳಿಯುವ ಸಣ್ಣ ತೂತುಗಳು ಮತ್ತೆ ಕಟ್ಟಿಕೊಂಡಿಲ್ಲ ತಾನೆ ಎಂದು ನೋಡಿ. ಬ್ರೇಕ್ ಡಿಸ್ಕ್, ಕ್ಯಾಲಿಪರ್, ಸೈಲೆನ್ಸರ್, ಸೆನ್ಸರ್ ಇವುಗಳಿಗೆ ಒಂದು ಹನಿಯೂ ತಾಗಬಾರದು. ರಬ್ಬರ್ ಬುಷ್‌ಗಳನ್ನೂ ಮುಚ್ಚಿಡಿ, ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ.

ಸುಮ್ನೆ ಇಂಜಿನ್‌ನಿಂದ ಇಳಿಸಿದ ಹಳೆ ಆಯಿಲ್ ಬಳಿದರೆ ಆಗಲ್ವಾ ಅಂತ ಕೇಳುವವರು ಯಾವಾಗಲೂ ಇರುತ್ತಾರೆ. ಬೇಡ. ಅದರಲ್ಲಿ ಆಮ್ಲದ ಅಂಶ ಇರುತ್ತದೆ, ಚರ್ಮಕ್ಕೆ ಕೆಟ್ಟದ್ದು, ತೊಟ್ಟಿಕ್ಕಿ ನೆಲವನ್ನೂ ಹಾಳು ಮಾಡುತ್ತದೆ. ಬ್ಯಾಟರಿಗೆ ಸಿಕ್ಕಿಸಿದರೆ ತುಕ್ಕು ನಿಲ್ಲುತ್ತದೆ ಎಂದು ಮಾರುವ ಡಬ್ಬಿಗಳ ಮೇಲೂ ನನಗೆ ನಂಬಿಕೆ ಇಲ್ಲ. ಕರೆಂಟ್ ಹಾಯಿಸಿ ತುಕ್ಕು ತಡೆಯುವ ವಿಧಾನ ಹಡಗಿಗೆ, ನೆಲದಡಿಯ ಪೈಪಿಗೆ ಸರಿ. ಅವು ಸದಾ ನೀರಲ್ಲೋ ಹಸಿ ಮಣ್ಣಲ್ಲೋ ಇರುತ್ತವೆ, ಕರೆಂಟ್ ಹರಿಯಲು ದಾರಿ ಇರುತ್ತದೆ. ಗಾಳಿಯಲ್ಲಿ ನಿಂತ ಕಾರಿಗೆ ಆ ದಾರಿಯೇ ಇಲ್ಲ.

ಬೇರೆಯವರ ಕೈಲಿ ಮಾಡಿಸುವುದಾದರೆ ತೊಳೆದ ಮೇಲೆ, ತುಕ್ಕು ತೆಗೆದ ಮೇಲೆ, ಪ್ರೈಮರ್ ಆದ ಮೇಲೆ ಫೋಟೊ ತೆಗೆದು ಕೊಡಲು ಮೊದಲೇ ಹೇಳಿ. ಮುಂದೆ ಗಾಡಿ ಮಾರುವಾಗಲೂ ಅವು ಕೆಲಸಕ್ಕೆ ಬರುತ್ತವೆ. ನೀವೇ ಹಳೆ ಗಾಡಿ ಕೊಳ್ಳಲು ಹೋದಾಗ ಅಡಿಭಾಗ ಹೊಸದಾಗಿ ಕಪ್ಪಗೆ ಮಿರಮಿರ ಮಿಂಚುತ್ತಿದ್ದು, ಇಂಥ ಫೋಟೊ ಒಂದೂ ಇಲ್ಲವಾದರೆ, ಬೆಲೆ ಮಾತಾಡುವ ಮೊದಲು ಸ್ಕ್ರೂಡ್ರೈವರ್ ಕೇಳಿ ತಗೊಂಡು ಸಿಲ್ ತಟ್ಟಿ ನೋಡಿ.